ವಿಷಯ: ಕರು ಮಾರದಿರುವ ಬಗ್ಗೆ

ನಮ್ಮ ಮಕ್ಕಳು ಶಾಲೆಯಲ್ಲಿ ಕಲಿತು ಬರೆಯುವ ಮೊದಲ ಸ್ವತಂತ್ರ ಗದ್ಯ ಒಂದು ಸುಳ್ಳು. ಅದರ ಹೆಸರು ರಜಾ ಅರ್ಜಿ. ‘ನನಗೆ ವಿಪರೀತ ಜ್ವರ ಬಂದಿರುವುದರಿಂದ ಎರಡು ದಿನ ಶಾಲೆಗೆ ಬರಲಾಗುವುದಿಲ್ಲ’ ಎಂದು ಗುಂಡು ಅಕ್ಷರದಲ್ಲಿ ಬರೆದ ಹುಡುಗ, ಅದನ್ನು ಕೊಡಲು ಕಬಡ್ಡಿ ಅಂಕಣದಿಂದ ನೇರವಾಗಿ ಬೆವರೊರೆಸಿಕೊಳ್ಳುತ್ತ ಬರುತ್ತಾನೆ. ಸೋದರಮಾವನ ಊರಿನಲ್ಲಿ ಜಾತ್ರೆ ಇದೆಯೆಂದು ಅವನಿಗೂ ಗೊತ್ತು, ನನಗೂ ಗೊತ್ತು. ಆದರೆ ಪುಸ್ತಕದ ಮಾದರಿ ಅರ್ಜಿಯಲ್ಲಿ ಇರುವುದು ಜ್ವರ ಮಾತ್ರ. ಅವನು ಜ್ವರವನ್ನು ಒಪ್ಪಿಸುತ್ತಾನೆ, ನಾನು ‘ಮಂಜೂರಾಗಿದೆ’ ಎಂದು ಸಹಿ ಹಾಕುತ್ತೇನೆ. ಇಬ್ಬರೂ ಗಂಭೀರವಾಗಿರುತ್ತೇವೆ.

ನಾನು ಹುಡುಗನಾಗಿದ್ದಾಗ ಇದರ ಜೊತೆಗೆ ಇನ್ನೊಂದು ಬಗೆಯ ಕಾಗದವನ್ನೂ ಕಲಿಸುತ್ತಿದ್ದರು. ತೀರ್ಥರೂಪರವರ ಪಾದಾರವಿಂದಗಳಿಗೆ ಸಾಷ್ಟಾಂಗ ನಮಸ್ಕಾರಗಳು, ಉಭಯ ಕುಶಲೋಪರಿ, ಈ ಕಡೆ ಮಳೆ ಬೆಳೆ ಚೆನ್ನಾಗಿದೆ, ಆ ಕಡೆಯ ವಿಷಯ ತಿಳಿಸುವುದು. ಇಷ್ಟು ಬರೆಯುವಷ್ಟರಲ್ಲಿ ಕಾರ್ಡು ಮುಗಿದು, ‘ಚಪ್ಪಲಿ ಹರಿದಿದೆ’ ಎಂಬ ಅಸಲು ಸಂಗತಿ ವಿಳಾಸದ ಪಕ್ಕದ ಸಂದಿಯಲ್ಲಿ, ಇರುವೆಗಾತ್ರದ ಅಕ್ಷರದಲ್ಲಿ ಒರಗಿಕೊಳ್ಳುತ್ತಿತ್ತು. ಹಾಸ್ಟೆಲಿನಲ್ಲಿದ್ದಷ್ಟು ಕಾಲ ನಮ್ಮಪ್ಪ ನನ್ನ ಕಾಗದಗಳನ್ನು ಆ ಸಂದಿಯಿಂದಲೇ ಓದಲು ಶುರುಮಾಡುತ್ತಿದ್ದರಂತೆ. ಅಮ್ಮ ಬಹಳ ಕಾಲದ ಮೇಲೆ ಹೇಳಿದಳು.

ಆಮೇಲೆ ನಾನೇ ಮೇಷ್ಟ್ರಾದೆ. ತುಮಕೂರು ಸೀಮೆಯ ಊರುಗಳಲ್ಲಿ ಸರ್ವಿಸು ಕಳೆದೆ. ಐದನೇ ತರಗತಿಗೆ ಮನವಿ ಪತ್ರದ ಪಾಠ ಬಂದಾಗ ಒಂದು ಷರತ್ತು ಹಾಕುತ್ತಿದ್ದೆ: ಕೇಳುವುದು ಏನೇ ಇರಲಿ, ಅದು ನಿಮಗೆ ನಿಜವಾಗಿ ಬೇಕಾಗಿರಬೇಕು. ಮಕ್ಕಳು ತಲೆಯಾಡಿಸಿ ಮಾರನೆಯ ದಿನ ಬರೆದು ತರುತ್ತಿದ್ದದ್ದು ಶಾಲೆಯ ಕಾಂಪೌಂಡಿನ ಮೇಲಿನ ಬರಹ. ಪರಿಸರ ಉಳಿಸಿ. ನೀರು ಅಮೂಲ್ಯ. ಒಬ್ಬನಂತೂ ಪಕ್ಕದ ಸಿಮೆಂಟು ಜಾಹೀರಾತನ್ನೂ ಸೇರಿಸಿಕೊಂಡು ಬಂದಿದ್ದ.

‘ನೀರು ಅಮೂಲ್ಯ ಅಂತ ಯೋಚನೆ ಮಾಡಿ ರಾತ್ರಿ ನಿದ್ದೆಗೆಟ್ಟವರು ಯಾರು, ಕೈಯೆತ್ತಿ’ ಎಂದೆ. ಯಾರೂ ಎತ್ತಲಿಲ್ಲ.

‘ಹಾಗಾದರೆ ನಿದ್ದೆಗೆಡೋದು ಯಾತಕ್ಕೆ?’

ಹಿಂದಿನ ಸಾಲಿನಿಂದ ಉತ್ತರ ಬಂತು. ‘ತಿಗಣೆ, ಸಾ.’

ತಿಗಣೆಯ ಮೇಲೆಯೇ ಬರಿ ಎಂದೆ. ತರಗತಿಗೆ ಜೀವ ಬಂತು. ಆದರೆ ಆ ಹುಡುಗ ಪೆನ್ಸಿಲ್ ಕಚ್ಚಿಕೊಂಡು ಬಹಳ ಹೊತ್ತು ಕೂತಿದ್ದು ಮೆಲ್ಲಗೆ ಕೇಳಿದ: ‘ಯಾರಿಗೆ ಬರೀಬೇಕು ಸಾ?’ ನನಗೂ ತಕ್ಷಣ ಹೊಳೆಯಲಿಲ್ಲ. ತಿಗಣೆಗೆ ಯಾವ ಇಲಾಖೆ? ಅರ್ಜಿ ಬರೆಯುವ ವಿದ್ಯೆಯ ಅರ್ಧ ಪಾಲು ಯಾವ ಬಾಗಿಲಿಗೆ ಹೋಗಬೇಕೆಂದು ತಿಳಿಯುವುದರಲ್ಲೇ ಇದೆ. ಬಾಗಿಲು ಸಿಗದೆ ವಾಪಸು ಬಂದ ದೊಡ್ಡವರನ್ನು ತಾಲ್ಲೂಕು ಕಚೇರಿಯ ಹುಣಸೇಮರದ ಕೆಳಗೆ ಯಾವ ಸೋಮವಾರ ಬೇಕಾದರೂ ನೋಡಬಹುದು. ಹುಡುಗ ಕೊನೆಗೆ ಅಜ್ಜಿಯ ಹೆಸರಿಗೆ ಬರೆದ. ಹಳೇ ಕೌದಿ ಅವಳದಾಗಿತ್ತು. ಅವಳು ಅದನ್ನು ಬಿಸಿಲಿಗೆ ಹಾಕಿದಳು. ನನ್ನ ತರಗತಿಯ ಇತಿಹಾಸದಲ್ಲಿ ಅಷ್ಟು ಬೇಗ ಇತ್ಯರ್ಥವಾದ ಮನವಿ ಇನ್ನೊಂದಿಲ್ಲ.

ತಿಗಣೆ ದಾರಿ ಮಾಡಿಕೊಟ್ಟ ಮೇಲೆ ಉಳಿದವೂ ಹೊರಬಂದವು. ಹೆಣ್ಣುಮಕ್ಕಳ ಶೌಚಾಲಯಕ್ಕೆ ಚಿಲಕವಿಲ್ಲ, ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕು, ಹಿಡಿದು ನಿಲ್ಲುವವಳ ಜೊತೆ ಜಗಳವಾಗಿದ್ದರೆ ಇಡೀ ದಿನ ಹೋಗುವಂತಿಲ್ಲ. ಈ ಕೊನೆಯ ವಾಕ್ಯವನ್ನು ಯಾವ ಸಮೀಕ್ಷೆಯ ನಮೂನೆಯಲ್ಲೂ ನಾನು ಕಂಡಿಲ್ಲ. ಬಿಸಿಯೂಟದಲ್ಲಿ ಮೊಟ್ಟೆ ಬಂದ ವರ್ಷ, ಬೇಡವೆಂದವರಿಗೆ ಬಾಳೆಹಣ್ಣೋ ಚಿಕ್ಕಿಯೋ ಎಂದಾಗ, ಒಬ್ಬ ಹುಡುಗ ಹೆಡ್ಮಾಸ್ಟರಿಗೆ ನಾಲ್ಕು ಮಡಿಕೆ ಮಾಡಿದ ಚೀಟಿ ಕೊಟ್ಟ. ಮನೆಯವರು ಬಾಳೆಹಣ್ಣು ಎಂದು ಬರೆಸಿದ್ದಾರೆ, ನನಗೆ ಮೊಟ್ಟೆ ಬೇಕು, ಕಾರಣ ರುಚಿಯಾಗಿದೆ ಎಂದು ಕೇಳಿದ್ದೇನೆ. ಕೆಳಗೆ: ಓದಿದ ಮೇಲೆ ಹರಿದುಹಾಕಿ.

ವಾದ ಮಾಡುವುದನ್ನು ಮಕ್ಕಳಿಗೆ ಹೊಸದಾಗಿ ಕಲಿಸಬೇಕು ಎಂಬುದೇ ನಮ್ಮ ಭ್ರಮೆ. ಜಾತ್ರೆಗೆ ಹತ್ತು ರೂಪಾಯಿ ಬೇಕೆಂದರೆ ಮೊದಲು ಅಜ್ಜಿಯನ್ನು ಹಿಡಿಯಬೇಕು, ಅಪ್ಪ ಉಂಡು ಎದ್ದ ಮೇಲೆ ಕೇಳಬೇಕು, ತಮ್ಮನಿಗೂ ಸೇರಿಸಿ ಕೇಳಬೇಕು ಎಂಬುದೆಲ್ಲ ಅವರಿಗೆ ಶಾಲೆಗೆ ಸೇರುವ ಮೊದಲೇ ಕರಗತ. ನಾವು ಕಲಿಸುವುದು ‘ಇವರಿಗೆ’, ‘ಇಂದ’, ‘ವಿಷಯ’, ‘ಮಾನ್ಯರೇ’. ಅಷ್ಟರಿಂದಲೇ ಕೆಲವರ ನಾಲಿಗೆ ಒಣಗಿಹೋಗುತ್ತದೆ. ಅದಕ್ಕೇ ನಾನು ಒಕ್ಕಣೆಯನ್ನು ಕೊನೆಗಿಟ್ಟು, ಮೊದಲು ಬರಿಯ ‘ಯಾಕೆ’ ಕೇಳಿಸುತ್ತಿದ್ದೆ. ಪಕ್ಕದವನು ಯಾಕೆ ಎನ್ನಬೇಕು, ಇವನು ಹೇಳಬೇಕು; ಮತ್ತೆ ಯಾಕೆ, ಮತ್ತೆ ಹೇಳಬೇಕು. ಮೂರನೆಯ ಯಾಕೆಗೆ ಸಾಮಾನ್ಯವಾಗಿ ಹೊಡೆದಾಟವೋ ನಿಜವೋ ಹೊರಬೀಳುತ್ತಿತ್ತು.

ಒಂದು ವರ್ಷ ಹಟ್ಟಿಯ ಹುಡುಗಿಯೊಬ್ಬಳು ಬಸ್ ಡಿಪೋ ಸಾಹೇಬರಿಗೆ ಬರೆದಳು. ಬೆಳಗಿನ ಬಸ್ಸು ಅವರ ಹಟ್ಟಿಯ ಬಳಿ ನಿಲ್ಲುತ್ತಿರಲಿಲ್ಲ. ಮಕ್ಕಳು ಕೈಯೊಡ್ಡಿದರೆ ಇನ್ನೂ ಜೋರಾಗಿ ಹೋಗುತ್ತಿತ್ತು. ಎಷ್ಟು ಜನ, ಎಷ್ಟು ದೂರ ನಡೆಯಬೇಕು, ಮಳೆಗಾಲದಲ್ಲಿ ಹಳ್ಳ ಹೇಗೆ, ಎಲ್ಲ ಸರಿಯಾಗಿ ಬರೆದಿದ್ದಳು. ಕೊನೆಯಲ್ಲಿ ಇನ್ನೊಂದು ಸಾಲು: ‘ಡ್ರೈವರ್ ಮಾಮನಿಗೂ ನಮ್ಮಷ್ಟು ದೊಡ್ಡ ಮಗಳು ಇರಬಹುದು, ಅವಳ ಊರಿನಲ್ಲಿ ಬಸ್ಸು ನಿಲ್ಲಲಿ ಎಂದು ಕೇಳಿಕೊಳ್ಳುತ್ತೇನೆ.’ ಆಡಳಿತದ ಪತ್ರಕ್ಕೆ ಇದು ಬೇಕೇ ಎಂದು ಕೇಳಿದೆ. ಅವಳು ನನ್ನನ್ನೇ ದಿಟ್ಟಿಸಿ, ‘ಅದನ್ನ ತೆಗೆದರೆ ಅವರು ಯಾಕೆ ನಿಲ್ಲಿಸ್ತಾರೆ ಸಾ?’ ಎಂದಳು. ಸಾಲು ಉಳಿಯಿತು. ಅಂಚೆ ಕಾರ್ಡಿಗೆ ಐವತ್ತು ಪೈಸೆ. ಪಿನ್‌ಕೋಡಿನ ಆರು ಅಂಕಿಗಳನ್ನು ಒಂದೊಂದು ಮನೆಯೊಳಗೆ ಕೂರಿಸಿದಳು. ನಮ್ಮ ಕಡೆಯದು ಐದರಿಂದಲೇ ಯಾಕೆ ಶುರುವಾಗುತ್ತದೆ ಎಂದು ಕೇಳಿ, ಈ ಏರ್ಪಾಡು 1972ರ ಸ್ವಾತಂತ್ರ್ಯ ದಿನದಂದು ಬಂತೆಂದು ನನ್ನಿಂದ ಹೇಳಿಸಿಕೊಂಡಳು. ಆಮೇಲೆ ಕಾಯುವುದು. ಮೂರನೆಯ ದಿನದಿಂದಲೇ ಪೋಸ್ಟ್‌ಮ್ಯಾನ್ ನಮ್ಮ ಶಾಲೆಯ ಮುಂದೆ ಸೈಕಲ್ ಬೆಲ್ ಹೊಡೆಯುವುದನ್ನು ಬಿಟ್ಟ. ಬೆಲ್ಲಾದರೆ ಮೂವತ್ತು ತಲೆಗಳು ಕಿಟಕಿಗೆ ಬರುತ್ತಿದ್ದವು. ಬರಿಗೈ ತೋರಿಸುವುದು ಅವನಿಗೇ ಕಷ್ಟವಾಗುತ್ತಿತ್ತು.

ಆ ಕಾಯುವ ದಿನಗಳಲ್ಲಿ ನಾನು ಗ್ರೇಸ್ ಬೆಡೆಲ್ ಎಂಬ ಹುಡುಗಿಯ ಕಥೆ ಹೇಳಿದೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ವೆಸ್ಟ್‌ಫೀಲ್ಡ್ ಎಂಬ ಊರಿನವಳು, ಹನ್ನೊಂದು ವರ್ಷದವಳು. 1860ರ ಅಕ್ಟೋಬರಿನಲ್ಲಿ, ಚುನಾವಣೆಗೆ ನಿಂತಿದ್ದ ಅಬ್ರಹಾಂ ಲಿಂಕನ್‌ಗೆ ಕಾಗದ ಬರೆದಳು: ನಿಮ್ಮ ಮುಖ ಬಹಳ ಬಡಕಲು, ಗಡ್ಡ ಬಿಟ್ಟರೆ ಚೆನ್ನಾಗಿ ಕಾಣುತ್ತೀರಿ. ಅಷ್ಟಕ್ಕೇ ನಿಲ್ಲಿಸಲಿಲ್ಲ. ಹೆಂಗಸರಿಗೆಲ್ಲ ಗಡ್ಡ ಇಷ್ಟ, ಅವರು ಗಂಡಂದಿರನ್ನು ಪೀಡಿಸಿ ನಿಮಗೆ ಓಟು ಹಾಕಿಸುತ್ತಾರೆ. ನನಗೂ ಅಣ್ಣತಮ್ಮಂದಿರಿದ್ದಾರೆ, ಗಡ್ಡ ಬಿಟ್ಟರೆ ಅವರಲ್ಲಿ ನಿಮ್ಮ ಕಡೆ ಇಲ್ಲದವರನ್ನೂ ಒಪ್ಪಿಸಲು ನೋಡುತ್ತೇನೆ ಎಂದಳು. ಹೆಂಗಸರಿಗೆ ಓಟೇ ಇಲ್ಲದ ಕಾಲದಲ್ಲಿ ಓಟು ಎಲ್ಲಿಂದ ಹುಟ್ಟುತ್ತದೆಂದು ಆ ಹುಡುಗಿಗೆ ಗೊತ್ತಿತ್ತು. ಲಿಂಕನ್ ನಾಲ್ಕೇ ದಿನದಲ್ಲಿ ಉತ್ತರ ಬರೆದರು, ಮಾತು ಕೊಡಲಿಲ್ಲ. ಮುಂದಿನ ಫೆಬ್ರುವರಿಯಲ್ಲಿ ವಾಷಿಂಗ್ಟನ್ನಿಗೆ ಹೋಗುವ ದಾರಿಯಲ್ಲಿ ರೈಲು ಅವಳ ಊರಿನಲ್ಲಿ ನಿಂತಾಗ ಅವರ ಮುಖದಲ್ಲಿ ಗಡ್ಡವಿತ್ತು. ಅವಳನ್ನು ಕರೆಸಿ ಮಾತಾಡಿಸಿದರು.

ಕಥೆ ಮುಗಿದ ಮೇಲೆ ಚಪ್ಪಾಳೆ ಬೀಳುತ್ತದೆ ಎಂದುಕೊಂಡಿದ್ದೆ. ಲೆಕ್ಕದಲ್ಲಿ ಮುಂದಿದ್ದ ಒಬ್ಬ ಎದ್ದು, ‘ಎಲೆಕ್ಷನ್ ಯಾವ ತಿಂಗಳು ಸಾ?’ ಎಂದ. ನವೆಂಬರ್ ಎಂದೆ. ‘ಅಷ್ಟರೊಳಗೆ ಗಡ್ಡ ಬರಲ್ಲ. ಗೆದ್ದ ಮೇಲೆ ಯಾಕೆ ಬಿಟ್ಟರು?’ ನಾನು ಈ ಕಥೆಯನ್ನು ಎಷ್ಟೋ ವರ್ಷಗಳಿಂದ ಬಲ್ಲೆ, ಆ ಪ್ರಶ್ನೆ ನನಗೆ ಬಂದೇ ಇರಲಿಲ್ಲ. ಓಟಿನ ಆಸೆ ಮುಗಿದ ಮೇಲೂ ಉಳಿದದ್ದು ಏನು? ಬಹುಶಃ ಒಬ್ಬಳು ಹುಡುಗಿ ಅವರ ಮುಖವನ್ನು ಅಷ್ಟು ಹೊತ್ತು ನೋಡಿದಳಲ್ಲ ಎಂಬುದು. ಹುಡುಗನಿಗೆ ಹಾಗೆ ಹೇಳಲಿಲ್ಲ. ಚಳಿಗಾಲ ಕಣಪ್ಪ ಎಂದೆ.

ಡಿಪೋದಿಂದ ಉತ್ತರ ಬರಲಿಲ್ಲ. ಆದರೆ ಬಸ್ಸು ನಿಲ್ಲತೊಡಗಿತು, ಅದೂ ಒಬ್ಬ ಡ್ರೈವರ್ ಇದ್ದ ದಿನ ಮಾತ್ರ. ಅವನಿಗೆ ಮಗಳಿದ್ದಾಳೆಯೇ ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಮಕ್ಕಳ ಮಾತಿಗೂ ಬೆಲೆ ಕೊಡಬೇಕೆಂದು 1989ರಲ್ಲಿ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ ಹನ್ನೆರಡನೆಯ ವಿಧಿ ಹೇಳಿತು. 1992ರಲ್ಲಿ ಭಾರತವೂ ಅದನ್ನು ಒಪ್ಪಿತು. ಅದು ಜಿನೀವಾ, ದೆಹಲಿ ಎಲ್ಲ ಸುತ್ತಿ ನಮ್ಮ ಪಂಚಾಯಿತಿಗೆ ಬರುವಾಗ ಮಕ್ಕಳ ಗ್ರಾಮಸಭೆಯಾಗಿ, ಶಾಮಿಯಾನ ಮತ್ತು ಬಿಸ್ಕತ್ತಿನ ಸಮೇತ ಬಂತು. ಒಬ್ಬ ಹುಡುಗ ಬೀದಿದೀಪ ಕೇಳಿದ. ಸದಸ್ಯರು ಮೈಕು ಹಿಡಿದು ‘ಖಂಡಿತ ಹಾಕಿಸೋಣ ಮರಿ’ ಎಂದರು. ಹುಡುಗ ಕೂರಲಿಲ್ಲ. ‘ಯಾವ ತಾರೀಖು?’ ಸಭೆ ನಕ್ಕಿತು. ಅವನು ನಗಲಿಲ್ಲ, ಬರೆದುಕೊಳ್ಳಲು ಪೆನ್ಸಿಲ್ ತೆಗೆದಿದ್ದ. ಜೀವಮಾನವೆಲ್ಲ ವರ್ಗಾವಣೆ ಅರ್ಜಿ ಬರೆದರೂ ಒಂದು ಸಲವೂ ತಾರೀಖು ಕೇಳದ ನಾನು ಹಿಂದಿನ ಕುರ್ಚಿಯಲ್ಲಿ ಟೀ ಕುಡಿಯುತ್ತಿದ್ದೆ.

2021ರ ಡಿಸೆಂಬರಿನಲ್ಲಿ ನಾಲ್ಕರಿಂದ ಹನ್ನೆರಡನೆಯ ತರಗತಿಯವರೆಗಿನ ಮಕ್ಕಳಿಂದ ಪ್ರಧಾನಿಗೆ 75 ಲಕ್ಷ ಅಂಚೆ ಕಾರ್ಡು ಬರೆಸುವ ಅಭಿಯಾನ ನಡೆಯಿತು. ಕೊಟ್ಟ ವಿಷಯಗಳಲ್ಲಿ ಒಂದು, 2047ರ ಭಾರತದ ಬಗ್ಗೆ ನನ್ನ ಕನಸು. ಹೆಚ್ಚಿನವರು ರಾಕೆಟ್ಟು ಹಾರಿಸಿದರು. ಒಬ್ಬಳು ಮಾತ್ರ ಬೆರಳು ಮಡಿಚಿ ಲೆಕ್ಕ ಹಾಕಿ ಬರೆದದ್ದು ಹೀಗಿತ್ತು: 2047ರಲ್ಲಿ ನನಗೆ 36 ವರ್ಷ. ನಮ್ಮ ಅಮ್ಮನಿಗೆ ಈಗ 36. ನೀರು ಹೊತ್ತು ಮೊಣಕಾಲು ನೋವು ಬಂದಿದೆ. ನನಗೆ ಆಗ ಬರಬಾರದು. ಕಾರ್ಡಿನಲ್ಲಿ ಇನ್ನೂ ಜಾಗವಿತ್ತು. ಬೇರೆ ಏನಾದರೂ ಬರೀತೀಯಾ ಎಂದೆ. ಬೇಡ ಎಂದಳು.

ಈ ಎಲ್ಲ ಕಾಗದಗಳಲ್ಲಿ ನಾನು ಮತ್ತೆ ಮತ್ತೆ ನೆನೆಯುವುದು ಅಂಚೆಗೇ ಬೀಳದ ಒಂದನ್ನು. ‘ಇವರಿಗೆ: ನಮ್ಮ ಅಪ್ಪ, ತೋಟದ ಮನೆ. ವಿಷಯ: ಕರು ಮಾರದಿರುವ ಬಗ್ಗೆ. ಮಾನ್ಯರೇ.’ ಬರೆದವನು ತರಗತಿಯಲ್ಲಿ ಬಾಯೇ ಬಿಡದ ಹುಡುಗ. ಹಳ್ಳಿಕಾರ್ ಹೋರಿಗರು, ಶಿವರಾತ್ರಿಯ ಹೊತ್ತಿಗೆ ಸಿದ್ಧಗಂಗೆಯ ದನಗಳ ಜಾತ್ರೆಗೆ ಹೊರಡಲಿತ್ತು. ಅವನ ಕಾರಣಗಳು: ಕರು ನಾನು ಕರೆದರೆ ಬರುತ್ತದೆ. ಅದರ ಹುಲ್ಲು ನಾನೇ ತರುತ್ತೇನೆ, ಕೂಲಿ ಕೇಳುವುದಿಲ್ಲ. ದೊಡ್ಡದಾದ ಮೇಲೆ ಗೇಯುತ್ತದೆ. ಮತ್ತು, ಅದಕ್ಕೆ ಬೇರೆ ಊರಿನ ದಾರಿ ಗೊತ್ತಿಲ್ಲ.

ಅಪ್ಪನಿಗೆ ಓದಲು ಬರುತ್ತಿರಲಿಲ್ಲ. ಹಾಗಾಗಿ ಮನವಿದಾರನೇ ಸಂಜೆ ದೀಪ ಹಚ್ಚಿದ ಮೇಲೆ ಜಗಲಿಯಲ್ಲಿ ನಿಂತು, ‘ಮಾನ್ಯರೇ’ ಎಂಬುದರಿಂದ ‘ತಮ್ಮ ವಿಧೇಯ’ ಎಂಬುದರವರೆಗೆ ತನ್ನ ಮನವಿಯನ್ನು ಓದಿ ಹೇಳಿದ. ಅಪ್ಪ ನಡುವೆ ಬಾಯಿ ಹಾಕಲಿಲ್ಲ. ಬೀಡಿ ಮುಗಿಸಿ, ‘ಈಗ ನಾನು ಹೇಳ್ತೀನಿ, ನೀನು ಬರ್ಕೊ’ ಎಂದ.

ಮಾರನೆಯ ದಿನ ಹುಡುಗ ಎರಡು ಹಾಳೆ ತಂದ. ಎರಡೂ ಅವನದೇ ಅಕ್ಷರ. ಎರಡನೆಯದು ಹೀಗೆ ಶುರುವಾಗಿತ್ತು: ‘ಮಗನಿಗೆ ತಿಳಿಸುವುದೇನೆಂದರೆ, ನಿನ್ನ ಕಾಗದ ಮುಟ್ಟಿತು.’ ಹುಲ್ಲಿನ ಬಣವೆ ಯುಗಾದಿಯವರೆಗೂ ಬರುವುದಿಲ್ಲ. ಸೊಸೈಟಿಯ ಕಂತು ಇದೆ, ಅಕ್ಕನದು ಇದೆ. ಇಷ್ಟನ್ನು ಯಾವ ಅಪ್ಪನಾದರೂ ಹೇಳುತ್ತಿದ್ದ. ಆಮೇಲಿನದು: ‘ಕೊಳ್ಳುವವರ ಮನೆಯಲ್ಲಿ ಇದೇ ಬಣ್ಣದ, ಇದೇ ವಯಸ್ಸಿನ ಇನ್ನೊಂದು ಹೋರಿಗರು ಇದೆ, ನಾನು ನೋಡಿ ಬಂದಿದ್ದೇನೆ. ಅಲ್ಲಿ ಜೋಡಿಯಾಗುತ್ತದೆ. ನಮ್ಮಲ್ಲಿ ಒಂಟಿ. ನೀನು ಸ್ಕೂಲಿಗೆ ಹೋದ ಮೇಲೆ ಅದು ಸಂಜೆಯವರೆಗೂ ಬಾಗಿಲು ನೋಡುತ್ತದೆ. ನೀನು ನೋಡಿಲ್ಲ, ನಾನು ನೋಡಿದ್ದೇನೆ.’

ಎದುರಿಗಿರುವವನು ಯಾವುದನ್ನು ಪ್ರೀತಿಸುತ್ತಾನೋ ಅಲ್ಲಿಂದಲೇ ಮಾತು ಶುರುಮಾಡಬೇಕೆಂದು ನಾನು ವರ್ಷವೆಲ್ಲ ಬೋರ್ಡಿನ ಮೇಲೆ ಬರೆದು ಒರೆಸಿದ್ದೆ. ಶಾಲೆಯ ಮೆಟ್ಟಿಲು ಹತ್ತದ ಮನುಷ್ಯ ಅದನ್ನು ಎಂಟು ಸಾಲಿನಲ್ಲಿ ಮಾಡಿ ತೋರಿಸಿದ್ದ.

ಹುಡುಗ ಮೇಜಿನ ಪಕ್ಕ ನಿಂತೇ ಇದ್ದ. ‘ಅಪ್ಪಂದೇ ಚೆನ್ನಾಗೈತೆ ಸಾ’ ಎಂದ. ಅಳುತ್ತಿರಲಿಲ್ಲ. ಸೋಲು ಗೆಲುವಿನ ಮಾತಾಗಿಯೂ ಹೇಳಲಿಲ್ಲ, ಇದ್ದದ್ದನ್ನು ಹೇಳಿದ. ಕರು ಆ ಜಾತ್ರೆಗೆ ಹೋಯಿತು.

ಕೆಂಪು ಪೆನ್ನು ತೆಗೆದು ಅವನದಕ್ಕೆ ಹತ್ತಕ್ಕೆ ಎಂಟು ಹಾಕಿದೆ. ‘ಗೇಯುತ್ತದೆ’ಯಲ್ಲಿ ಒಂದು ತಪ್ಪಿತ್ತು, ‘ವಿಧೇಯ’ದಲ್ಲಿ ಇನ್ನೊಂದು. ಅವನು ಎರಡನೆಯ ಹಾಳೆಯನ್ನೂ ಮುಂದೆ ಸರಿಸಿದ.

‘ಇದಕ್ಕೂ ಹಾಕಿ ಸಾ. ಕಾಗುಣಿತ ತಪ್ಪಿದ್ದರೆ ಅಪ್ಪಂದು ಕಳೀಬೇಡಿ. ಬರೆದೋನು ನಾನು, ನಂದ್ರಾಗೆ ಕಳ್ಕೊಳ್ಳಿ.’

ಅಪ್ಪನಿಗೆ ಹತ್ತಕ್ಕೆ ಹತ್ತು, ಮಗನಿಗೆ ಏಳು. ಅವನು ಎರಡನ್ನೂ ಸರಿಯಾಗಿದೆಯೇ ಎಂದು ನೋಡಿ, ಸಂಜೆ ಓದಿ ಹೇಳಬೇಕು, ಸಹಿಯನ್ನೂ ಹಾಕಿಕೊಡಿ ಎಂದ.