ಮೂರು ಲೇಖನ, ಒಂದು ಪಿಎಚ್‌ಡಿ

ಅರ್ಥಶಾಸ್ತ್ರದಲ್ಲಿ ಪಿಎಚ್‌ಡಿ ಅಂದರೆ ಈಗ ಬಹುಮಟ್ಟಿಗೆ ಮೂರು ಬಿಡಿ ಲೇಖನಗಳ ಕಟ್ಟು. ಸ್ವೀಡನ್, ನಾರ್ವೆಗಳಲ್ಲಿ ಬೇರೆ ಹಲವು ವಿಷಯಗಳಲ್ಲೂ ಇದೇ ರೂಢಿ. ಲೇಖನಗಳನ್ನೆಲ್ಲ ಬೆಸೆಯುವ ಒಂದು ಉದ್ದನೆಯ ಪೀಠಿಕೆ ಮುಂದಿರುತ್ತದೆ. ತಮಾಷೆಯೆಂದರೆ ಅದನ್ನು ಎಷ್ಟೋ ಜನ ಬರೆಯುವುದು ಕಟ್ಟಕಡೆಗೆ, ಸಲ್ಲಿಸುವ ಗಡಿಬಿಡಿಯಲ್ಲಿ. ನನ್ನ ಕೇಳಿದರೆ ಅದರ ಎರಡು ಪುಟದ ಕರಡು ಮೊದಲ ವರ್ಷವೇ ಮೇಜಿನ ಮೇಲಿರಬೇಕು. ಮೂರೂ ಸೇರಿ ಉತ್ತರಿಸುವ ಪ್ರಶ್ನೆ ಯಾವುದು? ಒಂದನ್ನು ತೆಗೆದರೆ ಏನು ಕಳಚಿಬೀಳುತ್ತದೆ? ಏನೂ ಬೀಳದಿದ್ದರೆ ಅದು ಪರಸ್ಪರ ಮಾತಿಲ್ಲದ ಬಾಡಿಗೆದಾರರ ವಠಾರ, ಅಷ್ಟೆ.

ಹಾಗಂತ ಮೂರನೆಯ ಲೇಖನ ಮೊದಲನೆಯದರ ಫಲಿತಾಂಶವನ್ನೇ ನೆಚ್ಚಿಕೊಂಡರೂ ಕಷ್ಟ. ಅದು ಕೈಕೊಟ್ಟರೆ ಇದೂ ಹೋಯಿತು. ದತ್ತಾಂಶ ಹಂಚಿಕೊಳ್ಳಲಿ, ವಿಧಾನ ಹಂಚಿಕೊಳ್ಳಲಿ, ಹಣೆಬರಹ ಬೇಡ. ಸಹಲೇಖಕರಿದ್ದರೆ ಯಾರ ಪಾಲು ಎಷ್ಟು ಎಂಬ ಮಾತು ಶುರುವಿಗೇ ಆಗಿಬಿಡಲಿ. (ಗೈಡ್ ಹತ್ತಿರ ಈ ಮಾತೆತ್ತುವುದು ನಮ್ಮಲ್ಲಿ ಸುಲಭವಲ್ಲ, ಗೊತ್ತು.)

ಅಂದಹಾಗೆ, ಪ್ರಬಂಧ ಸಲ್ಲಿಸುವ ಮುನ್ನ ಲೇಖನ ಪ್ರಕಟವಾಗಲೇಬೇಕೆಂಬ ಷರತ್ತನ್ನು ಯುಜಿಸಿ 2022ರ ನಿಯಮಾವಳಿಯಲ್ಲಿ ಕೈಬಿಟ್ಟಿದೆ. ನಿಮ್ಮ ವಿಶ್ವವಿದ್ಯಾಲಯವೂ ಬಿಟ್ಟಿದೆಯೇ ಅಂತ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ.