ನಾಲ್ಕು ಊರುಗಳ ಪೆಟ್ಟಿಗೆ

ಪರಸ್ಥಳಕ್ಕೆ ಹೋಗಿ, ಹತ್ತು ಮಂದಿಯ ಮುಂದೆ ಸರಕಿನ ಗುಣವನ್ನು ಹೇಳಿ ತೋರಿಸಬೇಕಾದವನಿಗೆ ಮಾತಿಗಿಂತ ಮೊದಲು ಬೇಕಾದುದು ಪೆಟ್ಟಿಗೆ. ಅದರೊಳಗೆ ಏನಿರಬೇಕೆಂಬುದನ್ನು ಕಚೇರಿಗಿಂತ ಚೆನ್ನಾಗಿ ಊರೇ ಕಲಿಸುತ್ತದೆ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದವು. ಜಿಲ್ಲೆ ಒಂದಾಯಿತು, ನೆಲಜಲಗಳ ಸ್ವಭಾವ ಒಂದಾಗಲಿಲ್ಲ.

ಹನಿ ನೀರಾವರಿಯ ಸಾಮಗ್ರಿ ಮಾರುವ ತರುಣ ಪ್ರತಿನಿಧಿಯೊಬ್ಬನು ಇದನ್ನರಿಯದೆ ದಾವಣಗೆರೆಯಿಂದ ಹೊರಟನು. ಪ್ರೊಜೆಕ್ಟರು, ಲ್ಯಾಪ್‌ಟಾಪು, ಬಿಳಿಯ ಪರದೆ, ವೈರಿನ ಸುರುಳಿ, ಕಪ್ಪು ಕೊಳವೆ, ಡ್ರಿಪ್ಪರುಗಳು, ಒಂದು ಡ್ರಮ್ಮು—ಇಷ್ಟು ಅವನ ಸಿದ್ಧತೆ.

ಮೊದಲನೆಯದು ಚನ್ನಗಿರಿ. ಅಡಿಕೆ ಬೆಳೆಗಾರರ ಸಹಕಾರ ಸಂಘವಾದ ತುಮ್ಕೋಸ್‌ನ ನೆಲೆ. ಹರಿದ್ರಾ ಹಳ್ಳಕ್ಕೆ ಅಡ್ಡಲಾಗಿ ಸೂಳೆಕೆರೆಯನ್ನು ಕಟ್ಟಿ, ಸಿದ್ಧ, ಬಸವ ಎಂಬ ಎರಡು ತೂಬುಗಳಿಂದ ನೀರು ಹಂಚಿಕೊಂಡ ಸೀಮೆ. ಇಲ್ಲಿಯವರಿಗೆ ನೀರಿನ ಲೆಕ್ಕ ಹೊಸದೇ? ಪರದೆಯ ಮೇಲೆ ಚಿತ್ರ ಸೊಗಸಾಗಿ ಮೂಡಿತು. ಗಂಟೆಗೆ 4 ಲೀಟರ್ ಎಂದು ಹೇಳಿ, ಬೆಂಚಿನ ಮೇಲಿಟ್ಟ ಡ್ರಮ್ಮಿನಿಂದ ಹನಿ ಬಿಟ್ಟನು. ವೃದ್ಧ ರೈತರೊಬ್ಬರು ಲೀಟರಿನ ತಂಬಿಗೆಯನ್ನು ಒಡ್ಡಿ, ಗಡಿಯಾರ ನೋಡುತ್ತ ಕುಳಿತರು. ಕಾಲು ಗಂಟೆಯಾಯಿತು.

“ತಮ್ಮಾ, ತಂಬಿಗೆ ತುಂಬಬೇಕಿತ್ತು. ಅರ್ಧವೂ ಬರಲಿಲ್ಲವಲ್ಲ!”

ತಪ್ಪು ಡ್ರಿಪ್ಪರಿನದಲ್ಲ. ಚದರ ಸೆಂಟಿಮೀಟರಿಗೆ 1 ಕಿಲೋ ಒತ್ತಡವಿದ್ದಾಗ, ಎಂದರೆ ಸುಮಾರು 10 ಮೀಟರ್ ಎತ್ತರದಿಂದ ನೀರು ಇಳಿದಾಗ, ಆ 4 ಲೀಟರಿನ ಮಾತು ಸತ್ಯ. ಬೆಂಚಿನ ಎತ್ತರಕ್ಕೆ ಬರುವುದು ಅದರ ಮೂರನೆಯ ಒಂದು ಪಾಲು. ಆದರೆ ಸಾಲ ಮಾಡಿ ಕೊಳವೆ ಹಾಸುವವನಿಗೆ ಲೆಕ್ಕ ತಪ್ಪಿದರೆ ಒಣಗುವುದು ತೋಟ. ಅಂದು ಯಾರೂ ಹೆಸರು ಬರೆಸಲಿಲ್ಲ.

ರಾತ್ರಿ ದಾವಣಗೆರೆಗೆ ಮರಳಿ ಅವನು ಪೆಟ್ಟಿಗೆ ಬಿಚ್ಚಿದನು. ಬೆಂಚಿನ ಮೇಲಿನ ಡ್ರಮ್ಮಿಗೆ ಬದಲಾಗಿ ಔಷಧಿ ಸಿಂಪಡಿಸುವ ಬ್ಯಾಟರಿ ಪಂಪು, ಒಂದು ವಾಲ್ವು, ಒತ್ತಡ ಅಳೆಯುವ ಗೇಜು, ಲೀಟರಿನ ತಂಬಿಗೆ ಒಳಸೇರಿದವು.

ಹೊನ್ನಾಳಿಯಿಂದ ಬೇರ್ಪಟ್ಟು ತಾನೇ ತಾಲ್ಲೂಕಾದ ನ್ಯಾಮತಿಯಲ್ಲಿ ಸಭೆ ನಡೆದುದು ಮರದ ನೆರಳಿನಲ್ಲಿ. ಹಗಲ ಬೆಳಕಿನಲ್ಲಿ ಪರದೆ ಬರಿಯ ಬಟ್ಟೆಯಾಯಿತು. ಮರುದಿನಕ್ಕೆ ಅಚ್ಚು ಹಾಕಿಸಿದ ಚಿತ್ರಗಳು ಪೆಟ್ಟಿಗೆಗೆ ಬಂದವು. ಹೊನ್ನಾಳಿಯಲ್ಲಿ ತುಂಗಭದ್ರೆ ಊರ ಮಗ್ಗುಲಲ್ಲೇ ಹರಿಯುತ್ತಾಳೆ. ಅಲ್ಲಿ ಕೇಳಿದ್ದು ಒಂದೇ ಪ್ರಶ್ನೆ: “ಹೊಳೆಯ ಕೆಸರು ಈ ಸಣ್ಣ ಕಣ್ಣಿನಲ್ಲಿ ಕೂತರೆ?” ಉತ್ತರವಾಗಿ ತೋರಿಸಲು ಫಿಲ್ಟರು ಕೈಯಲ್ಲಿರಲಿಲ್ಲ. ಸಂಜೆ ಒಂದು ಫಿಲ್ಟರೂ ಕೆಸರು ಕಟ್ಟಿದ ಹಳೆಯ ಡ್ರಿಪ್ಪರೂ ಜೊತೆಗೂಡಿದವು.

ಕೊನೆಗೆ ಜಗಳೂರು. ಕುರುಚಲು ಕಾಡು, ಮೆಕ್ಕೆಜೋಳ, ಶೇಂಗಾ, ಆಳದ ಕೊಳವೆ ಬಾವಿಗಳು. ಈ ತಾಲ್ಲೂಕಿನ ರಂಗಯ್ಯನದುರ್ಗದ ಕಾಡು ನಾಲ್ಕು ಕೊಂಬಿನ ಕೊಂಡುಕುರಿಗಳ ಧಾಮ. ಮಾತು ಆರಂಭವಾಗುವ ಮೊದಲೇ ಕರೆಂಟು ಹೋಯಿತು. ಪ್ರೊಜೆಕ್ಟರು ಪೆಟ್ಟಿಗೆಯಲ್ಲೇ ಉಳಿಯಿತು. ಬ್ಯಾಟರಿ ಪಂಪು ಗುಂಯ್‌ಗುಟ್ಟಿತು. ವಾಲ್ವು ತಿರುವಿದಂತೆ ಗೇಜಿನ ಮುಳ್ಳು ಒಂದರ ಮೇಲೆ ನಿಂತಿತು. ತಂಬಿಗೆಯನ್ನು ಅವನು ತಾನಾಗಿಯೇ ಯಜಮಾನರೊಬ್ಬರ ಕೈಗಿತ್ತನು. ಹದಿನೈದು ನಿಮಿಷ ಯಾರೂ ಮಾತನಾಡಲಿಲ್ಲ. ತಂಬಿಗೆ ಕಂಠದವರೆಗೆ ತುಂಬಿತು.

“ನಮ್ಮ ಬಾವಿಯ ನೀರಿಗೆ ಬಿಳಿ ಉಪ್ಪು ಕಟ್ಟುತ್ತದೆ. ಅದಕ್ಕೇನು ಮಾಡುತ್ತೀಯಪ್ಪ?”

“ಕಟ್ಟುವುದು ನಿಜ, ಯಜಮಾನರೇ. ಆಮ್ಲ ಹಾಯಿಸಿ ತೊಳೆಯಬೇಕು. ಅದರ ಖರ್ಚನ್ನೂ ಲೆಕ್ಕದಲ್ಲಿ ಹಿಡಿಯಿರಿ.”

ಯಜಮಾನರು ತುಸು ಯೋಚಿಸಿ, “ಹಾಗಾದರೆ ಒಂದು ಎಕರೆಗೆ ಲೆಕ್ಕ ಬರೆದುಕೊಡು” ಎಂದರು.

ಹೊರಡುವಾಗ ಪರದೆ ಪೆಟ್ಟಿಗೆಯ ತಳಕ್ಕೆ ಹೋಯಿತು. ಎಲ್ಲಕ್ಕೂ ಮೇಲೆ, ಮೊದಲು ಕೈಗೆ ಸಿಗುವಂತೆ, ತಂಬಿಗೆ ಕುಳಿತಿತು.