ತೆರಿಗೆಯೂ ದಾರಿಯೂ

ಮನೆಯನ್ನು ಕಟ್ಟಿಸಿದವನಿಗೆ ದೊರೆಯುವ ಹೆಸರು, ವರ್ಷವರ್ಷವೂ ಅದಕ್ಕೆ ಸುಣ್ಣ ಬಳಿಸಿ, ಮಳೆಗೆ ಮುಂಚೆ ಹೆಂಚನ್ನು ಕೈಯಾಡಿಸಿ ಕಾಪಾಡುವವನಿಗೆ ದೊರೆಯುವುದಿಲ್ಲ. ಈ ಮಾತು ರಸ್ತೆಗಂತೂ ಚೆನ್ನಾಗಿ ಸಲ್ಲುವುದು. ಹೊಸ ರಸ್ತೆಗೆ ಗುದ್ದಲಿಪೂಜೆಯುಂಟು, ಹೂಮಾಲೆಯುಂಟು, ಹೆಸರು ಕೆತ್ತಿದ ಕಲ್ಲುಂಟು. ಹಳೆಯ ರಸ್ತೆಯ ಗುಂಡಿಯನ್ನು ಮುಚ್ಚಿದುದಕ್ಕಾಗಿ ಕಲ್ಲು ನೆಟ್ಟುದನ್ನು ನಾವು ಈ ಅರುವತ್ತು ವರ್ಷಗಳಲ್ಲಿ ಕಂಡುದಿಲ್ಲ.

ಕಳೆದ ಮಳೆಗಾಲದಲ್ಲಿ ನಮ್ಮ ಗ್ರಾಮದ ಕೆಲವು ಗೃಹಸ್ಥರು ಒಂದು ಕಾಗದವನ್ನು ಹಿಡಿದು ನಮ್ಮಲ್ಲಿಗೆ ಬಂದರು. ಹೆದ್ದಾರಿಯಿಂದ ಊರಿಗೆ ಬರುವ ದಾರಿಯ ಡಾಂಬರು ಎದ್ದುಹೋಗಿ, ಹಾಲಿನ ವಾಹನವು ಅಡ್ಡರಸ್ತೆಯಲ್ಲಿಯೇ ನಿಲ್ಲತೊಡಗಿದ್ದಿತು. ಹೆಂಗಸರು ಬೆಳಗಿನ ಜಾವದಲ್ಲಿ ಹಾಲಿನ ಪಾತ್ರೆಗಳನ್ನು ಹೊತ್ತು ಅಲ್ಲಿಯವರೆಗೆ ನಡೆಯಬೇಕಾಗಿದ್ದಿತು. ಪ್ರಸವವೇದನೆಯಲ್ಲಿದ್ದ ಒಬ್ಬ ಹೆಣ್ಣುಮಗಳನ್ನು ಟ್ರ್ಯಾಕ್ಟರಿನಲ್ಲಿ ಕುಲುಕಾಡಿಸಿಕೊಂಡು ಆಸ್ಪತ್ರೆಗೆ ಒಯ್ದುದು ಎಲ್ಲರ ಮನಸ್ಸನ್ನೂ ಕಲಕಿದ್ದಿತು. ರಸ್ತೆಯು ಸರಿಹೋಗುವವರೆಗೆ ಯಾರೂ ಪಂಚಾಯಿತಿಗೆ ಮನೆಗಂದಾಯವನ್ನು ಕೊಡತಕ್ಕುದಲ್ಲವೆಂಬುದೇ ಆ ಕಾಗದದ ಒಕ್ಕಣೆ. ಮೇಷ್ಟರ ರುಜು ಮೊದಲಿಗಿದ್ದರೆ ಊರಿಗೆ ಧೈರ್ಯವೆಂದರು. ನಾವು ಎರಡು ದಿನಗಳ ಅವಕಾಶವನ್ನು ಬೇಡಿದೆವು.

ಸಂಸ್ಕೃತವನ್ನೋದಿದವರಿಗೆ ಇಂತಹ ಸಮಯದಲ್ಲಿ ಹಳೆಯ ಗ್ರಂಥಗಳ ನೆನಪಾಗುವುದು ಸಹಜ. ಮೈಸೂರಿನ ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿ ಬೆಳಕಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ 'ವರ್ತನೀ' ಎಂಬ ದಾರಿಸುಂಕದ ಮಾತುಂಟು. ಸರಕು ಹೊತ್ತ ಬಂಡಿಯೊಂದಕ್ಕೆ ಒಂದೂಕಾಲು ಪಣವನ್ನು ಗಡಿಯ ಅಧಿಕಾರಿಯಾದ ಅಂತಪಾಲನು ವಸೂಲು ಮಾಡಬೇಕು. ಅಷ್ಟಕ್ಕೇ ಮುಗಿಯಲಿಲ್ಲ. ದಾರಿಯಲ್ಲಿ ವರ್ತಕನ ಸರಕು ಕಳೆದುಹೋದರೆ ಅಥವಾ ಕಳುವಾದರೆ ಅದನ್ನು ತುಂಬಿಕೊಡುವ ಭಾರವೂ ಅವನದೇ. ಪಡೆಯುವ ಕೈಯೂ ಹೊಣೆ ಹೊರುವ ಹೆಗಲೂ ಒಬ್ಬನವೇ ಆಗಿರಬೇಕೆಂಬುದು ಇದರ ತಾತ್ಪರ್ಯ. ಈ ನ್ಯಾಯದಿಂದ ನೋಡಿದರೆ ನಮ್ಮ ನೆರೆಯವರ ಕೋಪದಲ್ಲಿ ಅಧರ್ಮವೇನೂ ಇರಲಿಲ್ಲ.

ಆದರೆ ಇಂದು ಆ ಕೈಯಾವುದು, ಆ ಹೆಗಲಾವುದು ಎಂದು ಹುಡುಕಹೊರಟರೆ ತಲೆ ತಿರುಗುವುದು. ಊರಿನ ಒಳಬೀದಿಯು ಗ್ರಾಮಪಂಚಾಯಿತಿಯದು. ಜಿಲ್ಲೆಯ ಮುಖ್ಯರಸ್ತೆಗಳೂ ರಾಜ್ಯದ ಹೆದ್ದಾರಿಗಳೂ ಲೋಕೋಪಯೋಗಿ ಇಲಾಖೆಯವು. ರಾಷ್ಟ್ರೀಯ ಹೆದ್ದಾರಿಯ ಹೊಣೆ ಕೇಂದ್ರದ್ದು. ನಮ್ಮ ದಾರಿಯಾದರೋ 2000ನೆಯ ಇಸವಿಯ ಡಿಸೆಂಬರಿನಲ್ಲಿ ಆರಂಭವಾದ ಪ್ರಧಾನಮಂತ್ರಿಗಳ ಗ್ರಾಮಸಡಕ್ ಯೋಜನೆಯಲ್ಲಿ ಆದುದು. ಆ ಯೋಜನೆಯಲ್ಲಿ ರಸ್ತೆಯನ್ನು ಮಾಡಿದ ಕಂಟ್ರಾಕ್ಟರೇ ಮೊದಲ 5 ವರ್ಷ ಅದನ್ನು ನೋಡಿಕೊಳ್ಳಬೇಕು. ಅದಕ್ಕೆ ತಗಲುವ ಹಣವೂ, ಮುಂದಿನ ಪಾಲನೆಯೂ ರಾಜ್ಯದ ಪಾಲಿಗೆ ಸೇರಿದುವು. ಐದು ವರ್ಷ ನಮ್ಮ ದಾರಿ ಕನ್ನಡಿಯಂತಿದ್ದಿತು. ಆರನೆಯ ವರ್ಷದಿಂದ ಅದು ಅನಾಥವಾಯಿತು.

ಹಾಗಾದರೆ ದಾರಿಗೆಂದು ನಾವು ಏನೂ ಕೊಡುತ್ತಿಲ್ಲವೇ? ಕೊಡುತ್ತಿರುವೆವು, ಆದರೆ ಪಂಚಾಯಿತಿಯ ಕಟ್ಟೆಯಲ್ಲಲ್ಲ. ಜಯಕರ್ ಸಮಿತಿಯ ಸಲಹೆಯಂತೆ 1929ರಲ್ಲಿ ಪೆಟ್ರೋಲಿನ ಗ್ಯಾಲನ್ನಿಗೆ ಎರಡಾಣೆಯ ಹೆಚ್ಚಿನ ಸುಂಕವನ್ನು ಹಾಕಿ ಅದನ್ನು ರಸ್ತೆಗಳಿಗೆಂದೇ ಮೀಸಲಿಟ್ಟರು. 2000ದಲ್ಲಿ ಕೇಂದ್ರ ರಸ್ತೆ ನಿಧಿಗೆ ಶಾಸನವೇ ಆಯಿತು. 2018ರಲ್ಲಿ ಪೆಟ್ರೋಲು ಡೀಸೆಲ್‌ಗಳ ಲೀಟರಿಗೆ 8 ರೂಪಾಯಿಯ ರಸ್ತೆ ಮತ್ತು ಮೂಲಸೌಕರ್ಯದ ಕರವನ್ನು ಗೊತ್ತುಮಾಡಿ, ನಿಧಿಯ ಹೆಸರನ್ನು ಬದಲಿಸಿ, ರೈಲು, ಜಲಮಾರ್ಗ ಮುಂತಾದುವಕ್ಕೂ ಅದರಲ್ಲಿ ಪಾಲು ಕಲ್ಪಿಸಿದರು. ಇಂತಹ ವಿಶೇಷ ಕರಗಳು, ರಾಜ್ಯಗಳೊಡನೆ ಹಂಚಿಕೊಳ್ಳಬೇಕಾದ ತೆರಿಗೆಯ ರಾಶಿಗೆ ಸೇರುವುದಿಲ್ಲ. ಇನ್ನು ರಾಜ್ಯವು ಇಂಧನದ ಮೇಲೆ ಮಾರಾಟದ ತೆರಿಗೆಯನ್ನೂ ವಾಹನಗಳ ಮೇಲೆ ಬೇರೆ ತೆರಿಗೆಯನ್ನೂ ಪಡೆಯುವುದು. ಉಳುವವನು ಟ್ರ್ಯಾಕ್ಟರಿಗೆ ಡೀಸೆಲ್ ತುಂಬಿಸುವಾಗಲೆಲ್ಲ ದಾರಿಯ ಸುಂಕವನ್ನು ತೆರುತ್ತಿರುವನು; ರಶೀದಿಯಿಲ್ಲದುದರಿಂದ ಅದು ಅವನ ಗಣನೆಗೆ ಬರುವುದಿಲ್ಲ. ಮನೆಗಂದಾಯಕ್ಕೆ ರಶೀದಿಯುಂಟು, ಆದುದರಿಂದ ಕೋಪವೆಲ್ಲ ಅದರ ಮೇಲೆ.

ಆ ಚಿಕ್ಕ ಗಂದಾಯದಿಂದಲೇ ಬೀದಿಯ ದೀಪ ಉರಿಯಬೇಕು, ಕುಡಿಯುವ ನೀರಿನ ಯಂತ್ರ ನಡೆಯಬೇಕು, ಚರಂಡಿ ಚೊಕ್ಕಟವಾಗಬೇಕು. ಅದನ್ನು ನಿಲ್ಲಿಸಿದರೆ ದಾರಿಯ ಗುಂಡಿ ಮುಚ್ಚುವುದಿಲ್ಲ. ಇರುವ ಗುಂಡಿಗೆ ಕತ್ತಲೆಯೂ ಸೇರುವುದು. ಮೂರನೆಯ ದಿನ ನಾವು ಇದನ್ನೆಲ್ಲ ವಿವರಿಸಿ, ರುಜು ಮಾಡಲೊಲ್ಲೆವೆಂದು ತಿಳಿಸಿದೆವು. ಆಗ ನೆರೆಮನೆಯ ರೈತನೊಬ್ಬನು, "ಮೇಷ್ಟ್ರೇ, ತಿಂಗಳು ತುಂಬಿದರೆ ನಿಮಗೆ ಪಿಂಚಣಿ ಬರುತ್ತೆ. ಹೊತ್ತು ಮೀರಿದರೆ ನಮ್ಮ ಹಾಲು ಒಡೆದು ಹೋಗುತ್ತೆ" ಎಂದನು. ಆ ಮಾತಿಗೆ ಪ್ರತ್ಯುತ್ತರ ಕೊಡಲು ನಮ್ಮ ಓದು ನೆರವಾಗಲಿಲ್ಲ. ಅವನು ಹೇಳಿದುದು ನಿಜವಾಗಿದ್ದಿತು.

ರಸ್ತೆಗೆ ನೀರಿಗಿಂತ ದೊಡ್ಡ ಶತ್ರುವಿಲ್ಲ. ನಮ್ಮ ಬಾಲ್ಯದಲ್ಲಿ ರಸ್ತೆಯ ಕೂಲಿಗಳು ಮಕ್ಕರಿ ಗುದ್ದಲಿಗಳನ್ನು ಹಿಡಿದು, ಮಳೆಗೆ ಮುಂಚೆ ಪಕ್ಕದ ಕಾಲುವೆಯನ್ನು ತೋಡಿ, ಮೋರಿಯ ಕಸವನ್ನು ತೆಗೆದು, ತಗ್ಗಿಗೆ ಗರಸನ್ನು ತುಂಬುತ್ತಿದ್ದರು. ನೀರು ಬದಿಗೆ ಹರಿದುಹೋದರೆ ರಸ್ತೆಯು ಬಾಳುವುದು. ನಿಂತರೆ ಬಿರುಕಿನೊಳಕ್ಕಿಳಿದು ತಳವನ್ನು ಮೆದುವಾಗಿಸುವುದು, ಆಮೇಲೆ ಭಾರದ ಗಾಲಿಯೊಂದು ಹಾದರೆ ಗುಂಡಿಯಾಗುವುದು. ಒಂದು ಬುಟ್ಟಿ ಜಲ್ಲಿಯಲ್ಲಿ ಮುಗಿಯುವ ಕೆಲಸವನ್ನು ಎರಡು ಮಳೆಗಾಲ ತಡೆದರೆ ಇಡೀ ರಸ್ತೆಯನ್ನೇ ಹೊಸದಾಗಿ ಹಾಕಬೇಕಾಗುವುದು. ಹೊಲಿಗೆ ಬಿಟ್ಟ ಸೀರೆಯನ್ನು ಅಂದೇ ಹೊಲಿಯುವ ಗೃಹಿಣಿಗೆ ಇದನ್ನು ಹೇಳಿಕೊಡಬೇಕಾದುದಿಲ್ಲ.

ಆದುದರಿಂದ ನಾವು ಬೇರೊಂದು ಕಾಗದವನ್ನು ಬರೆದೆವು. 2005ರ ಮಾಹಿತಿ ಹಕ್ಕಿನ ಶಾಸನದಂತೆ ಮೂರು ಪ್ರಶ್ನೆಗಳನ್ನು ಕೇಳಿದೆವು: ಈ ರಸ್ತೆ ಈಗ ಯಾರ ಸುಪರ್ದಿನಲ್ಲಿರುವುದು? ಇದರ ಪಾಲನೆಗೆಂದು ಮಂಜೂರಾದ ಹಣವೆಷ್ಟು? ಖರ್ಚಾದುದು ಎಲ್ಲಿ? ಇದಕ್ಕೆ ಮೊದಲ ರುಜು ನಮ್ಮದು. ಎರಡನೆಯದು ಆ ಹಾಲಿನ ರೈತನದು. ಗ್ರಾಮಸಭೆಯಲ್ಲಿಯೂ ಅದನ್ನು ಓದಿಸಿದೆವು. ಉತ್ತರ ಬರುವ ಮೊದಲೇ ಊರವರು ಒಂದು ಭಾನುವಾರ ಸೇರಿ ಪಕ್ಕದ ಕಾಲುವೆಯನ್ನು ಬಿಡಿಸಿದರು. ಕೆಲವು ವಾರಗಳ ಮೇಲೆ ಎರಡು ಲಾರಿ ಜಲ್ಲಿ ಬಂದು ದೊಡ್ಡ ಗುಂಡಿಗಳು ಮುಚ್ಚಿದುವು; ಹಾಲಿನ ವಾಹನವು ಊರೊಳಗೆ ಬರತೊಡಗಿತು. ಡಾಂಬರು ಇನ್ನೂ ಬಂದಿಲ್ಲ. ಮೂರನೆಯ ಪ್ರಶ್ನೆಗೆ ಉತ್ತರವೂ ಬಂದಿಲ್ಲ. ಅದನ್ನು ಮತ್ತೆ ಕೇಳಿರುವೆವು.

ನಮ್ಮ ವಾಚಕರಲ್ಲಿ ಹಳ್ಳಿಗಳಲ್ಲಿರುವವರಿಗೆ ನಮ್ಮ ವಿನಂತಿಯಿಷ್ಟೆ. ನಿಮ್ಮೂರಿಗೆ ಹೊಸ ರಸ್ತೆಯನ್ನು ಮಾಡಿಸಿಕೊಡುವೆವೆಂದು ಯಾರಾದರೂ ಬಂದರೆ ಸಂತೋಷದಿಂದ ಬರಮಾಡಿಕೊಳ್ಳಿರಿ, ಹಾರವನ್ನೂ ಹಾಕಿರಿ. ಆದರೆ ಆರನೆಯ ವರ್ಷದಲ್ಲಿ ಇದನ್ನು ನೋಡಿಕೊಳ್ಳುವವರು ಯಾರು, ಅದಕ್ಕೆ ಹಣವೆಲ್ಲಿಂದ ಎಂಬುದನ್ನು ಅಂದೇ ಕೇಳಿ ಬರೆಸಿಟ್ಟುಕೊಳ್ಳಿರಿ.